ಹೂಂ ಅನ್ನುವವರು

ನಿಜಲಿಂಗಪ್ಪ ಸರ್ ನನ್ನ ಕವಿತೆಗಳ ಕಟ್ಟನ್ನು ವಾಪಸು ಕೊಟ್ಟಾಗ ಹಾಳೆಹಾಳೆಯಲ್ಲೂ ಪೆನ್ಸಿಲಿನ ಸಣ್ಣ ಕೊಕ್ಕೆಗಳಿದ್ದವು. ಸಾಲುಗಳ ನಡುವೆ ನಾನು ಖಾಲಿ ಬಿಟ್ಟ ಕಡೆಯೆಲ್ಲ ಒಂದೊಂದು ಕೊಕ್ಕೆ, ನೀರು ನಿಂತ ಹೊಲದಲ್ಲಿ ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತ ಹಾಗೆ. ನನಗೆ ಅವು ಚೆಂದವೇ ಕಂಡವು. ಅವು ತಪ್ಪಿನ ಗುರುತು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಪದ್ಯ ಛಲೋ ಅವ,” ಅಂದರು ಸರ್. “ಆದ್ರ ಕುಂಟತಾವು. ಎರಡು ಸಾಲು ನಡೀತಾವು, ನಿಂದರತಾವು. ಮತ್ತ ಎರಡು ಸಾಲು, ಮತ್ತ ನಿಂದರತಾವು. ಏನವಾ ಇದು, ಪದ್ಯಕ್ಕ ಮೊಣಕಾಲ ಬ್ಯಾನಿ ಏನು?”

ಸರ್ ಸೊಲ್ಲಾಪುರದ ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಕಲಿಸಿ, ನಿವೃತ್ತರಾಗಿ ಪುಣೆಗೆ ಬಂದವರು. ನಮ್ಮ ಕನ್ನಡ ಸಂಘದ ಪುಸ್ತಕ ಸಮಿತಿಗೆ ಅವರೇ ಹಿರಿಯರು. ಸಂಘ ಪ್ರತಿ ವರ್ಷ ಹೊಸಬರ ಮೊದಲ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತದೆ, ಒಂದೇ ಒಂದು. ಈ ಸಲ ಕೊನೆಗೆ ಉಳಿದವರು ನಾವಿಬ್ಬರು: ನಾನು ಮತ್ತು ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಬರುವ ರವಿವಾರ ಇಬ್ಬರೂ ಸಂಘದ ಸಭಾಂಗಣದಲ್ಲಿ ಓದಬೇಕು. ಕೇಳಿದ ಮೇಲೆ ಸಮಿತಿ ಯಾರ ಪುಸ್ತಕ ಎಂದು ತೀರ್ಮಾನಿಸುತ್ತದೆ.

ಪುಣೆಯಲ್ಲಿದ್ದು ಕನ್ನಡದಲ್ಲಿ ಬರೆಯುವವಳಿಗೆ ಇದಕ್ಕಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ. ಧಾರವಾಡಕ್ಕೆ, ಬೆಂಗಳೂರಿಗೆ ಕಳಿಸಿದ ಕವಿತೆಗಳು ಅಜ್ಜಿಯ ಕಥೆಯಲ್ಲಿ ಸಮುದ್ರ ದಾಟಿಹೋದ ಗಿಳಿಗಳಂತಾಗಿದ್ದವು. ಹೋದವು; ಏನಾದವೋ ಸುದ್ದಿ ಬರಲಿಲ್ಲ.

“ಖಾಲಿ ಯಾಕ ಬಿಟ್ಟಿ?” ಸರ್ ಕೇಳಿದರು.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಹಂಗ ಬರ್ತಾವ್ರಿ ಸರ್,” ಅಂದೆ.

“ಹಂಗ ಬಂದದ್ದನ್ನ ಹಿಂಗ ಮಾಡೂದ ಕವಿ ಕೆಲಸ. ತುಂಬಸು. ಒಂದು ವಾರ ಅದ.” ಆಮೇಲೆ ಚಹಾದ ಜೊತೆ ಚೂಡಾದ ಬಟ್ಟಲು ನನ್ನ ಕಡೆ ತಳ್ಳಿದರು. “ತಿನ್ನು. ನಿನ್ನ ಮ್ಯಾಲ ಸಿಟ್ಟಿಲ್ಲ ನನಗ. ಆ ಹುಡುಗನ ಪದ್ಯ ನೀರ ಹರದಂಗ ಹರೀತಾವ, ಅದಕ ಹೇಳ್ಲಾಕತ್ತೀನಿ.”

ಮನೆಗೆ ಬಂದು ತುಂಬಿಸಲು ಕೂತೆ. ಸಂಕಲನದ ಮೊದಲ ಕವಿತೆ ಅಜ್ಜಿ ಹೇಳಿದ ಒಂದು ಕಥೆಯಿಂದ ಹುಟ್ಟಿದ್ದು. ಅದರ ಶುರು ಹೀಗಿತ್ತು:

ಮುದುಕಿ ಮೊರ ಹಿಡಿದಳು
ಬೆಳದಿಂಗಳು ಸುರಿದಿತ್ತು ಅಂಗಳಕ್ಕೆ

ಕೇರಿದಳು ಕೇರಿದಳು
ಹೊಟ್ಟೆಲ್ಲ ಹಾರಿ ಮೇಲೆ ಚುಕ್ಕಿಯಾಯಿತು

ಉಳಿಯಿತು ಒಂದು ಹಿಡಿ ಕಾಳು
ನಾಳೆಯ ರೊಟ್ಟಿಗೆ

ಮೊದಲ ಕೊಕ್ಕರೆ ಕೂತಿದ್ದು ‘ಅಂಗಳಕ್ಕೆ’ ಆದ ಮೇಲೆ. ಅಲ್ಲಿ ‘ಮೌನದ ಮಡಿಲಲ್ಲಿ ಮಲಗಿತ್ತು ಜಗವೆಲ್ಲ’ ಎಂದು ಬರೆದೆ. ಓದಿಕೊಂಡೆ. ಹರಿಯಿತು. ಎರಡನೆಯದಕ್ಕೆ ‘ತಂಗಾಳಿ ತೀಡುತಿರೆ ತನುಮನ ತಣಿಯೆ’ ಅಂತ ಒಂದು ಸಿಕ್ಕಿತು. ಇಂಥವು ನನಗೆ ಸುಲಭ. ಶಾಲೆಯ ಪಾಠಗಳಲ್ಲಿ ಅಷ್ಟು ಓದಿದ್ದೇನೆ. ನಾಲ್ಕು ದಿನದಲ್ಲಿ ಕೊಕ್ಕರೆಗಳೆಲ್ಲ ಹಾರಿಹೋದವು. ಹಾಳೆಗಳು ತುಂಬಿಕೊಂಡು, ಮದುವೆಗೆ ಬಂದ ಮಂದಿಯಂತೆ ಒತ್ತೊತ್ತಾಗಿ ಕಂಡವು.

ಅಜ್ಜಿ ಪಾರವ್ವ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಅವಳು ವಿಜಯಪುರದ ಕಡೆಯವಳು. ಅಪ್ಪನಿಗೆ ಇಲ್ಲಿ ಗುಮಾಸ್ತಿಕೆ ಸಿಕ್ಕಾಗ ಜೊತೆಗೆ ಬಂದು, ಅಪ್ಪ ಅವ್ವ ಇಬ್ಬರೂ ಕೆಲಸಕ್ಕೆ ಹೋದಾಗ ನನ್ನನ್ನು ಬೆಳೆಸಿದಳು. ಅಕ್ಷರ ಬಾರದು. ಪುಣೆಗೆ ಬಂದು ಇಷ್ಟು ವರ್ಷವಾದರೂ ಮರಾಠಿಯಲ್ಲಿ ತರಕಾರಿಯವನ ಜೊತೆ ಜಗಳ ಮಾಡುವಷ್ಟೇ ಕಲಿತಿದ್ದಾಳೆ.

“ರವಿವಾರ ಓದಾಕ ಹೊಂಟಿಯಲ್ಲ,” ಅಂದಳು, “ಅಲ್ಲಿ ಹೂಂ ಅನ್ನೋರು ಅದಾರೇನು?”

“ಅಜ್ಜಿ, ಅದು ಕವಿಗೋಷ್ಠಿ. ಹೂಂ ಅನ್ನಂಗಿಲ್ಲ ಅಲ್ಲಿ. ಚಪ್ಪಾಳಿ ಹೊಡೀತಾರ.”

“ಚಪ್ಪಾಳಿ ಮುಗದ ಮ್ಯಾಲ ಹೊಡಿಯೂದು. ನಡುವ?”

“ನಡುವ ಸುಮ್ಮನ ಕೇಳ್ತಾರ.”

ಅಜ್ಜಿ ತುಟಿ ಉಬ್ಬಿಸಿದಳು. “ಸುಮ್ಮನ ಕುಂತವರಿಗೆ ಏನ ಹೇಳಿದ್ರೇನು, ಗ್ವಾಡಿಗೆ ಹೇಳಿದ್ರೇನು.”

ಯೆರವಡಾದ ನಮ್ಮ ಮನೆಯ ಗ್ಯಾಲರಿಯಿಂದ ಜೇಲಿನ ಉದ್ದ ಗೋಡೆ ಕಾಣುತ್ತದೆ. ರಾಕ್ಷಸ ರಾಜಕುಮಾರಿಯನ್ನು ಬಚ್ಚಿಟ್ಟದ್ದು ಆ ಗೋಡೆಯ ಆಚೆಗೇ ಎಂದು ನಾನು ಸಣ್ಣವಳಿದ್ದಾಗ ನಂಬಿದ್ದೆ. ಅಪ್ಪ ಅದು ಜೇಲು ಎಂದು ಎಷ್ಟು ಸಲ ಹೇಳಿದರೂ ನಂಬಿಕೆ ಪೂರ್ತಿ ಹೋಗಲಿಲ್ಲ. ಈಗಲೂ ಆ ಕಡೆಯ ಬೇವಿನ ಮರಗಳಿಂದ ಗಿಳಿಗಳು ಹಾರಿ ಬಂದರೆ ಏನಾದರೂ ಸಂದೇಶ ತಂದವೇನೋ ಅನ್ನಿಸುತ್ತದೆ. ಅಜ್ಜಿಯ ಕಥೆಗೆ ಒಂದೇ ಕಟ್ಟಳೆ. ಅವಳು ಒಂದು ಮಾತು ಹೇಳಿ ನಿಲ್ಲುವಳು. ಕೇಳುವವರು ‘ಹೂಂ’ ಅನ್ನಬೇಕು. ಅಂದರೆ ಕಥೆ ಮುಂದೆ ಹೋಗುತ್ತದೆ. ಅನ್ನದಿದ್ದರೆ ಅಲ್ಲೇ ನಿಲ್ಲುತ್ತದೆ. ನಾನು ನಿದ್ದೆ ಹೋದರೆ ರಾಜಕುಮಾರಿ ಹೊಳೆಯಲ್ಲಿ ಒಂದು ಕಾಲು ಇಟ್ಟವಳು ಹಾಗೆಯೇ ಮರುದಿನದವರೆಗೆ ನಿಂತಿರುತ್ತಿದ್ದಳು. ಎದ್ದ ಕೂಡಲೇ ನನಗೆ ಅದೇ ಚಿಂತೆ, ಪಾಪ, ಅವಳ ಕಾಲು ಎಷ್ಟು ತಣ್ಣಗಾಗಿರಬೇಕು.

ಈ ರೂಢಿಯನ್ನು ನಾನು ಶಾಲೆಗೂ ಒಯ್ದೆ. ಬೇಕೆಂದು ಒಯ್ದದ್ದಲ್ಲ, ಬಾಯಲ್ಲಿ ಬಂದದ್ದು.

ನಮ್ಮದು ಕನ್ನಡ ಮಾಧ್ಯಮದ ಶಾಲೆ. ವರಾಂಡದ ಆಚೆಗೆ ಎಲ್ಲವೂ ಮರಾಠಿ. ಒಳಗೆ ಬಂದರೆ ಅರ್ಧ ನಮ್ಮಂತೆ ಉತ್ತರ ಕರ್ನಾಟಕದ ಮಕ್ಕಳು, ಅರ್ಧ ಹೋಟೆಲಿನವರ ಮಕ್ಕಳು, ಮನೆಯಲ್ಲಿ ತುಳು ಮಾತಾಡುವವರು. ಕನ್ನಡದ ಪಠ್ಯಪುಸ್ತಕ ಅಚ್ಚಾಗುವುದು ಎಲ್ಲಕ್ಕಿಂತ ಕೊನೆಗೆ. ಶಾಲೆ ಶುರುವಾಗುವುದು ಜೂನಿನಲ್ಲಿ, ಪುಸ್ತಕ ಬರುವುದು ಒಮ್ಮೊಮ್ಮೆ ದಸರೆಯ ಹೊತ್ತಿಗೆ. ಅಲ್ಲಿಯವರೆಗೆ ಮೇಲಿನ ತರಗತಿಯವರು ಬಿಟ್ಟುಹೋದ ನಾಲ್ಕಾರು ಹಳೆಯ ಪುಸ್ತಕಗಳೇ ಇಡೀ ವರ್ಗಕ್ಕೆ. ಅದಕ್ಕೇ ನಮ್ಮಲ್ಲಿ ಓದುವುದೆಂದರೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು.

ಮೂರನೆಯ ಇಯತ್ತೆಯಲ್ಲಿ ಇಂದೂ ಅಕ್ಕೋರು ಮೊದಲ ಪಾಠ ಓದತೊಡಗಿದರು. ಒಂದು ವಾಕ್ಯ ಮುಗಿದು ಉಸಿರು ತೆಗೆದುಕೊಂಡಾಗ ನಾನು ‘ಹೂಂ’ ಅಂದೆ. ವರ್ಗವೆಲ್ಲ ನಕ್ಕಿತು.

“ಯಾರು ಹೂಂ ಅಂದವರು?”

ಏಟು ಬಿದ್ದೇ ಬಿಡ್ತು ಅಂದುಕೊಂಡು ಎದ್ದು ನಿಂತೆ.

“ಯಾಕ ಅಂದಿ?”

“ಅನ್ನದಿದ್ರ ನಿಂದರತದ್ರಿ.”

“ಏನು ನಿಂದರತದ?”

“ಕಥಿ ರೀ.”

ಅಕ್ಕೋರು ಪುಸ್ತಕವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮುಂದಿನ ವಾಕ್ಯ ಓದಿದರು. ಓದಿ, ನಿಂತು, ನನ್ನ ಕಡೆ ಹುಬ್ಬು ಏರಿಸಿದರು. ನಾನು ಹೂಂ ಅಂದೆ. ಈ ಸಲ ಯಾರೂ ನಗಲಿಲ್ಲ.

ಒಂದು ವಾರದಲ್ಲಿ ಅದು ವರ್ಗದ ನಿಯಮವಾಯಿತು, ಆದರೆ ಅಕ್ಕೋರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ತಿಳಿದವರು ಹೂಂ ಅನ್ನಬೇಕು, ತಿಳಿಯದವರು ಸುಮ್ಮನಿರಬೇಕು. ಹೂಂ ಜೋರಾಗಿ ಬಂದರೆ ಮುಂದೆ. ಸಪ್ಪಗೆ ಬಂದರೆ ಅಲ್ಲಿಯೇ ನಿಂತು ಮತ್ತೊಮ್ಮೆ ಹೇಳುವುದು. ಪಾಠದಲ್ಲಿ ‘ಹಗೇವು’ ಅಂತ ಒಂದು ಶಬ್ದ ಬಂದ ದಿನ ನನ್ನದೊಂದೇ ಹೂಂ. ಪುಣೆಯಲ್ಲಿ ಹುಟ್ಟಿದ ಮಕ್ಕಳಿಗೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ ಹೇಗೆ ಗೊತ್ತು? ಅಕ್ಕೋರು ನನ್ನನ್ನೇ ನಿಲ್ಲಿಸಿ ಹೇಳಿಸಿದರು. ಅಜ್ಜಿಯ ಕಥೆಯ ಕಳ್ಳ ಹಗೇವಿನಲ್ಲಿ ಅಡಗಿ ಕೂತು ಜೋಳ ತಿಂದು ಹೊಟ್ಟೆ ಉಬ್ಬಿ ಮೇಲೆ ಬರಲಾಗದೆ ಒದ್ದಾಡಿದ್ದನ್ನು ಹೇಳಿದೆ. ಮುಗಿದಾಗ ಬಂದ ಹೂಂ ಪಕ್ಕದ ವರ್ಗದವರೆಗೆ ಕೇಳಿಸಿತಂತೆ.

ಪುಸ್ತಕ ಇಲ್ಲದವರಿಗೆ ಓದಿನಲ್ಲಿ ಏನು ಪಾಲು? ಹೂಂ ಅವರ ಪಾಲು. ಕೊನೆಯ ಬೆಂಚಿನ ಅಮರ ಇಡೀ ವರ್ಷ ಪುಸ್ತಕ ಮುಟ್ಟದೆ ಬರೀ ಹೂಂ ಅಂದುಕೊಂಡೇ ಪಾಸಾದ ಎಂದು ತೃಪ್ತಿ ಈಗಲೂ ಛೇಡಿಸುತ್ತಾಳೆ. ತೃಪ್ತಿಯ ಅಪ್ಪನದು ಹೋಟೆಲು. ಅವಳ ಕನ್ನಡ ಉಡುಪಿ ಕಡೆಯದು. ಅವಳು ಹೂಂ ಅನ್ನುತ್ತಿರಲಿಲ್ಲ, “ಹಾಂ” ಅನ್ನುತ್ತಿದ್ದಳು. ಅಕ್ಕೋರು ಅದೂ ನಡೆಯುತ್ತದೆ ಅಂದರು.

ಒಮ್ಮೆ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬಂದರು. ಅವರಿಗೆ ಕನ್ನಡ ಬಾರದು. ತೃಪ್ತಿಯನ್ನು ಎಬ್ಬಿಸಿ ಓದಿಸಿದರು. ಅವಳು ಒಂದು ವಾಕ್ಯ ಓದಿದಳು. ಇಡೀ ವರ್ಗ ಹೂಂ ಅಂದಿತು. ಸಾಹೇಬರು ಬೆಚ್ಚಿ, “ಹೇ ಕಾಯ? ಆರತೀ ಆಹೇ ಕಾ?” ಅಂದರು, ಇದೇನು ಆರತಿಯೇ ಎಂದು. ಅಕ್ಕೋರು ಮರಾಠಿಯಲ್ಲಿ ಅದೇನೋ ವಿವರಿಸಿದರು. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಕೈಯಲ್ಲಿದ್ದ ಮರಾಠಿ ಪೇಪರು ತೆರೆದು, ಪರೀಕ್ಷೆಗೆಂದು ಒಂದು ವಾಕ್ಯ ಓದಿದರು. ನಾವು ಹೂಂ ಅಂದೆವು. ಇನ್ನೊಂದು ಓದಿದರು. ಹೂಂ. ಬಾರಾಮತಿಯ ಸಕ್ಕರೆ ಕಾರ್ಖಾನೆಯ ಸುದ್ದಿ ಅದು. ಕೊನೆಯ ಸಾಲಿನವರೆಗೆ ಓದಿಯೇ ಅವರು ಪೇಪರು ಮಡಚಿದ್ದು.

ನಾನು ಕವಿತೆ ಬರೆಯಲು ಶುರುಮಾಡಿದ್ದು ಎಂಟನೆಯ ಇಯತ್ತೆಯಲ್ಲಿ. ಊಟದ ಬಿಡುವಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಕೂತು ಅಮರನಿಗೂ ತೃಪ್ತಿಗೂ ಓದಿ ಹೇಳುತ್ತಿದ್ದೆ. ತೃಪ್ತಿ ಇಡ್ಲಿ ತಿನ್ನುತ್ತ ಹಾಂ ಅನ್ನುವಳು, ಅಮರ ಅವಳ ಡಬ್ಬಿಯಿಂದಲೇ ಇಡ್ಲಿ ಕದಿಯುತ್ತ ಹೂಂ ಅನ್ನುವನು. ಆಮೇಲೆ ಶಾಲೆ ಮುಗಿಯಿತು. ಅಮರ ತಳೇಗಾಂವದ ಕಾರ್ಖಾನೆ ಸೇರಿದ, ತೃಪ್ತಿ ಹೋಟೆಲಿನ ಗಲ್ಲೆಯ ಮೇಲೆ ಕೂತಳು, ನಾನು ಕಣ್ಣು ಪರೀಕ್ಷಿಸುವ ಕೋರ್ಸು ಮಾಡಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತೆ. ಹೂಂ ಅನ್ನುವವರು ಇಲ್ಲದೆಯೂ ಬರೆಯುವುದು ರೂಢಿಯಾಯಿತು. ಗೋಡೆಯ ಕ್ಯಾಲೆಂಡರ್ ತೆಗೆದ ಮೇಲೂ ಆ ಜಾಗ ಬೆಳ್ಳಗೆ ಉಳಿಯುತ್ತದಲ್ಲ, ಹಾಗೆ ಕವಿತೆಯಲ್ಲಿ ಜಾಗ ಮಾತ್ರ ಉಳಿಯಿತು. ಇದೆಲ್ಲ ಈಗ ಬರೆಯುವಾಗ ತಿಳಿಯುತ್ತಿರುವುದು. ಆ ವಾರ ನನಗೆ ಇದು ಹೊಳೆಯಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಕವಿತೆ ಕುಂಟಬಾರದು, ಪುಸ್ತಕ ಬರಬೇಕು, ಅದನ್ನು ಓದಲು ಬಾರದ ಅಜ್ಜಿಯ ಕೈಯಲ್ಲಿ ಇಡಬೇಕು.

ಶನಿವಾರ ಅಂಗಡಿಗೆ ಒಬ್ಬ ಮುದುಕ ಬಂದ. ಎದುರಿನ ಹಲಗೆಯ ಅಕ್ಷರಗಳನ್ನು ಓದಲು ಹೇಳಿದೆ. ಮೇಲಿನ ಸಾಲು ಓದಿ ನನ್ನ ಕಡೆ ತಿರುಗಿದ. ನಾನು “ಹಂ, ಪುಢೇ” ಅಂದೆ, ಮುಂದೆ ಓದಿ ಎಂದು. ಎರಡನೆಯ ಸಾಲು ಓದಿದ, ಮತ್ತೆ ತಿರುಗಿದ. “ಹಂ.” ಮೂರನೆಯ ಸಾಲಿಗೆ ನಾನು ಮರುದಿನದ ಕವಿತೆಯ ಗುಂಗಿನಲ್ಲಿ ಸುಮ್ಮನಿದ್ದೆ. ಮುದುಕ ಅಲ್ಲೇ ನಿಂತುಬಿಟ್ಟ. “ಚುಕಲಂ ಕಾಯ, ಬಾಳ?” ಅಂತ ಕೇಳಿದ, ತಪ್ಪಾಯಿತೇನೋ ಎಂದು. ತಪ್ಪಾಗಿರಲಿಲ್ಲ. ಒಂದಕ್ಷರವೂ ಬಿಡದೆ ಸರಿಯಾಗಿ ಓದಿದ್ದ.

ಏನೋ ಒಂದು ನೆನಪು ಬಾಗಿಲವರೆಗೆ ಬಂದು ಹೋಯಿತು. ಗಿರಾಕಿಗಳು ಕಾಯುತ್ತಿದ್ದರು.

ರವಿವಾರ ಸಂಜೆ ಸಭಾಂಗಣದ ಬಾಗಿಲಲ್ಲೇ ತೃಪ್ತಿ ಸಿಕ್ಕಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಎಂತ ಮಾರಾಯ್ತಿ, ಇಳಕಲ್ ಸೀರೆ ಎಲ್ಲ. ಮದುವೆ ಉಂಟಾ ಇವತ್ತು?”

“ಗಂಡು ಯಾರಂತ ಹೇಳು,” ಅಂದ ಅಮರ, ಕಂಪನಿಯ ಅಂಗಿಯಲ್ಲೇ ಬೈಕಿನಿಂದ ಇಳಿಯುತ್ತ, “ಇನ್ನೂ ಟೈಮ್ ಅದ, ಓಡಿ ಹೋಗಂತ ಹೇಳಿ ಬರ್ತೀನಿ.”

“ನೀ ಸುಮ್ಮನ ಹಿಂದ ಕುಂದರು. ಉಪ್ಪಿಟ್ಟು ಕಾರ್ಯಕ್ರಮ ಮುಗದ ಮ್ಯಾಲ,” ಅಂದೆ.

“ಹಂಗಾದ್ರ ಲಗೂ ಓದು.”

ಇಂದೂ ಅಕ್ಕೋರೂ ಬಂದಿದ್ದರು. ನಿವೃತ್ತರಾಗಿ ಕೋಲು ಹಿಡಿದಿದ್ದಾರೆ. ಆದರೆ ಹುಬ್ಬು ಏರಿಸುವುದು ಅದೇ ತರಹ. ಮೂರನೆಯ ಸಾಲಿನ ತುದಿಯಲ್ಲಿ ಕೂತರು. ವೇದಿಕೆಯ ಮೇಲೆ ನಿಜಲಿಂಗಪ್ಪ ಸರ್ ಮತ್ತು ಸಮಿತಿಯವರು.

ಮೊದಲು ಆ ಹುಡುಗ ಓದಿದ. ಸರ್ ಹೇಳಿದ್ದು ಸುಳ್ಳಲ್ಲ. ಎಣ್ಣೆ ಬಿಟ್ಟ ಬಾಗಿಲಿನಂತೆ ಕವಿತೆಗಳು ತೆರೆದವು, ಮುಚ್ಚಿದವು. ದೊಡ್ಡ ಚಪ್ಪಾಳೆ ಬಿತ್ತು. ಆಮೇಲೆ ನನ್ನ ಹೆಸರು ಕರೆದರು.

ಮೈಕಿನ ಮುಂದೆ ನಿಂತು, ತುಂಬಿಸಿದ ಹಾಳೆ ತೆರೆದು ಶುರುಮಾಡಿದೆ. “ಮುದುಕಿ ಮೊರ ಹಿಡಿದಳು, ಬೆಳದಿಂಗಳು ಸುರಿದಿತ್ತು ಅಂಗಳಕ್ಕೆ...” ಮುಂದೆ ‘ಮೌನದ ಮಡಿಲಲ್ಲಿ’ ಎಂದು ನಾನು ಅನ್ನುವುದಕ್ಕೂ ಹಿಂದಿನ ಸಾಲಿನಿಂದ “ಹೂಂ” ಅಂತ ಬರುವುದಕ್ಕೂ ಸರಿಹೋಯಿತು. ಅದರ ಹಿಂದೆಯೇ ಒಂದು ತೆಳ್ಳಗಿನ “ಹಾಂ.”

ನಾಲಿಗೆ ಎಡವಿತು. ಸಾವರಿಸಿಕೊಂಡು ಸಾಲು ಮುಗಿಸಿದೆ. “ಕೇರಿದಳು ಕೇರಿದಳು, ಹೊಟ್ಟೆಲ್ಲ ಹಾರಿ ಮೇಲೆ ಚುಕ್ಕಿಯಾಯಿತು, ತಂಗಾಳಿ ತೀಡುತಿರೆ...”

“ಹೂಂ.” “ಹಾಂ.” ಮತ್ತೆ ಡಿಕ್ಕಿ. ಈ ಸಲ ಮೈಕಿನಲ್ಲೂ ಕೇಳಿಸಿತು. ಮುಂದಿನ ಸಾಲಿನ ಯಾರೋ ಕಿಸಕ್ಕನೆ ನಕ್ಕರು.

ನಿಜಲಿಂಗಪ್ಪ ಸರ್ ಎದ್ದರು. “ಹಿಂದ ಯಾರ್ರೀ ಅದು? ಕವಿತಾ ಓದೂ ಮುಂದ ಚ್ಯಾಷ್ಟಿ ಮಾಡೋರು ಹೊರಗ ನಡೀರಿ.”

ಸಭೆಯೆಲ್ಲ ಹಿಂದೆ ತಿರುಗಿತು. ಅಮರ ಅರ್ಧ ಎದ್ದು ನಿಂತಿದ್ದ, ಮುಖ ಕೆಂಪಾಗಿತ್ತು. “ಚ್ಯಾಷ್ಟಿ ಅಲ್ರೀ ಸರ್. ಬಾಯಾಗ ಬಂದಬಿಡ್ತು.” ತೃಪ್ತಿ ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು, ಕೂರು ಎಂದೋ ಹೋಗುವ ಎಂದೋ ತಿಳಿಯಲಿಲ್ಲ.

“ನೀ ಓದವಾ ಮುಂದ,” ಅಂದರು ಸರ್ ನನಗೆ, ಮೃದುವಾಗಿಯೇ.

ನಾನು ಓದಬಹುದಿತ್ತು. ಅವರಿಬ್ಬರೂ ಹೊರಗೆ ಹೋಗುತ್ತಿದ್ದರು, ಕವಿತೆ ಕೊನೆಯವರೆಗೆ ಹರಿಯುತ್ತಿತ್ತು, ಪುಸ್ತಕ ಬಂದರೂ ಬರುತ್ತಿತ್ತು. ಅಮರ ಬೆಂಚಿನ ಸಂದಿಯಿಂದ ದಾರಿ ಮಾಡಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ್ದ.

ಅಷ್ಟರಲ್ಲಿ ಕೋಲು ಊರಿದ ಸದ್ದು. ಇಂದೂ ಅಕ್ಕೋರು ನಿಂತಿದ್ದರು.

“ಅವರು ನನ್ನ ಸಾಲಿ ಮಕ್ಕಳ್ರೀ ಸರ್. ಬೈಬ್ಯಾಡ್ರಿ. ತಿಳೀತು ಅಂತ ಹೇಳ್ಲಾಕತ್ತಾರ.” ಆಮೇಲೆ ನನ್ನ ಕಡೆ ತಿರುಗಿದರು. ಸಭೆ, ಮೈಕು, ಸಮಿತಿ ಯಾವುದೂ ಇಲ್ಲವೆಂಬಂತೆ, ಮೂರನೆಯ ಇಯತ್ತೆಯ ದನಿಯಲ್ಲಿ ಕೇಳಿದರು: “ನೀ ಯಾಕ ಇಷ್ಟು ಅವಸರ ಮಾಡ್ಲಾಕತ್ತಿ ರೇಣು? ನಿಂದರಬೇಕಲ್ಲ.”

ಹಾಳೆಯನ್ನು ನೋಡಿದೆ. ನಾನು ತುಂಬಿಸಿದ ಸಾಲುಗಳೆಲ್ಲ ಬೇರೆಯವರು ಕೂರಬೇಕಾದ ಜಾಗದಲ್ಲಿ ಕೂತಿದ್ದವು. ಅಮರನ ಜಾಗದಲ್ಲಿ ತಂಗಾಳಿ ಕೂತಿತ್ತು.

“ಸರ್,” ಅಂದೆ. “ಮೊದಲಿಂದ ಓದ್ತೀನ್ರಿ. ತುಂಬಸಿದ್ದಲ್ಲ. ಕುಂಟೂದು.”

ಸರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಕೂತರು.

ಹಾಳೆ ಮಡಚಿ, ಬಾಯಿಪಾಠವಾಗಿ ಶುರುಮಾಡಿದೆ. “ಮುದುಕಿ ಮೊರ ಹಿಡಿದಳು, ಬೆಳದಿಂಗಳು ಸುರಿದಿತ್ತು ಅಂಗಳಕ್ಕೆ.”

ನಿಂತೆ.

ಏನೂ ಬರಲಿಲ್ಲ. ಬೈಸಿಕೊಂಡವರು ಹೇಗೆ ಹೂಂ ಅಂದಾರು? ಫ್ಯಾನಿನ ಸದ್ದು ಮಾತ್ರ. ಮುಂದಿನ ಸಾಲು ಹೇಳಿಬಿಡೋಣ ಎಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಎಂಟು ವರ್ಷದವಳ ಭಯ ಮೇಲೆದ್ದು ಬಂತು: ನಿಂತುಬಿಡುತ್ತದೆ.

“ಹೂಂ,” ಅಂದರು ಅಕ್ಕೋರು.

ಎರಡನೆಯ ಸಲ ಬಾಗಿಲ ಹತ್ತಿರ ನಿಂತೇ ಅಮರ ಅಂದ, ಕೂತಲ್ಲಿಂದ ತೃಪ್ತಿ ಅಂದಳು. ಮೂರನೆಯದಕ್ಕೆ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ ಒಬ್ಬ ಹಿರಿಯರಿಂದ ಒಂದು ದಪ್ಪ ಹೂಂ ಬಂತು. ಅವರಾರೋ ನನಗೆ ಈವರೆಗೂ ಗೊತ್ತಿಲ್ಲ. ಅವರಿಗೂ ಒಬ್ಬ ಅಜ್ಜಿ ಇದ್ದಿರಬೇಕು. ಆಮೇಲೆ ಅಲ್ಲೊಂದು ಇಲ್ಲೊಂದು ಶುರುವಾಯಿತು. ಕೆಲವರಿಗೆ ನಗು, ಕೆಲವರಿಗೆ ನಾಚಿಕೆ, ಆದರೂ ಅಂದರು. ಮುದುಕಿ ಕೇರುತ್ತ ಹೋದಳು.

ಎಲ್ಲ ಕಡೆ ಬಂತು ಎಂದರೆ ಸುಳ್ಳಾಗುತ್ತದೆ. ಕವಿತೆಯ ಕೊನೆಯ ಹತ್ತಿರ ‘ಕಾಲಗರ್ಭದ ಕತ್ತಲೆಗೆ ಅವಳೇ ಸಾಕ್ಷಿ’ ಅಂತ ಒಂದು ಸಾಲಿತ್ತು. ಬರೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಅಲ್ಲಿ ನಿಂತಾಗ ಯಾರೂ ಹೂಂ ಅನ್ನಲಿಲ್ಲ, ಅಕ್ಕೋರು ಕೂಡ. ಹುಬ್ಬು ಮಾತ್ರ ಏರಿತು. ಆ ಸಾಲು ಈಗ ಕವಿತೆಯಲ್ಲಿಲ್ಲ.

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ನಿಜಲಿಂಗಪ್ಪ ಸರ್ ಹತ್ತಿರ ಬಂದರು.

“ನೋಡವಾ, ಇಲ್ಲಿ ನಿನ್ನ ಗೆಳ್ಯಾರು ಹೂಂ ಅಂದ್ರು, ಖರೆ. ಪುಸ್ತಕದಾಗ ಅವರು ಇರಂಗಿಲ್ಲ. ಅಲ್ಲೆಲ್ಲೋ ಗದಗಿನ್ಯಾಗ ಒಬ್ಬಾಂವ ಬಸ್ಸಿನ್ಯಾಗ ಕುಂತು ಓದ್ತಾನ. ಅವಂಗ ಆ ಖಾಲಿ ಜಾಗಾ ಏನಂತ ತಿಳೀಬೇಕು?”

“ಅವಂಗೂ ಅಜ್ಜಿ ಇದ್ದಿರ್ತಾಳಲ್ರಿ ಸರ್.”

“ಇರದಿದ್ರ?”

“ಇರದಿದ್ರ... ಅಲ್ಲಿ ಒಂದೀಟು ಉಸರ ತೊಗೋತಾನ್ರಿ,” ಅಂದೆ.

ಸರ್ ತಟ್ಟೆಯಲ್ಲಿದ್ದ ಉಪ್ಪಿಟ್ಟು ತಿಂದು ಮುಗಿಸಿದರು. ಪಕ್ಕದಲ್ಲಿ ಅಮರ ಎರಡನೆಯ ತಟ್ಟೆಗೆ ಕೈ ಹಾಕುತ್ತಿದ್ದ. “ಸರ್, ನಿಮಗ ಇನ್ನೊಂದೀಟು ಹಾಕಲ್ರೀ?” ಎಂದು ಬಹಳ ವಿನಯದಿಂದ ಕೇಳಿದ. “ಹೊರಗ ಹೋಗು ಅಂದ್ರೂ ಹೋಗ್ಲಿಲ್ಲಲ್ಲೋ ನೀ,” ಅಂದರು ಸರ್, ತಟ್ಟೆ ಮುಂದೆ ಹಿಡಿಯುತ್ತ.

ಆ ವಾರದ ಕೊನೆಗೆ ಸರ್ ಅವರ ಫೋನು ಬಂತು. ಸಮಿತಿಯಲ್ಲಿ ಬಹಳ ಹೊತ್ತು ಜಗಳವಾಯಿತಂತೆ.

“ನಿಂದ ಬರ್ತದ ಪುಸ್ತಕ. ನಾ ಆ ಹುಡುಗನ ಕಡೆ ಇದ್ದೆ, ಮುಚ್ಚಿಡಂಗಿಲ್ಲ. ಉಳದವರು ಕೇಳಲಿಲ್ಲ. ಆದ್ರ ಮುನ್ನುಡಿ ನಾನ ಬರೀತೀನಿ, ಅದರಾಗ ಕುಂಟತಾವ ಅಂತನ ಬರೀತೀನಿ.”

“ಬರೀರಿ ಸರ್.”

“ಸಿಟ್ಟಿಲ್ಲಲ್ಲ?”

“ಇಲ್ರಿ.”

ನಾನು ಫೋನು ಇಡಲು ಹೊರಟಿದ್ದೆ. “ನಮ್ಮವ್ವನೂ ಹೇಳ್ತಿದ್ಲು ಕಥಿ,” ಅಂದರು ಆಮೇಲೆ. “ನಾ ಹೂಂ ಅಂತಿರಲಿಲ್ಲ. ಮುಂದ ಹೇಳು ಮುಂದ ಹೇಳು ಅಂತ ಗಂಟ ಬೀಳ್ತಿದ್ದೆ.” ಫೋನು ಇಟ್ಟರು.

ಅಚ್ಚಿಗೆ ಹೋಗುವ ಮುಂಚಿನ ಕರಡು ಹಾಳೆಗಳು ಬಂದದ್ದು ಒಂದು ತಿಂಗಳ ಮೇಲೆ. ಅಕ್ಷರ ಜೋಡಿಸಿದವನು ಖಾಲಿ ಜಾಗಗಳನ್ನೆಲ್ಲ ಹಾಗೆಯೇ ಬಿಟ್ಟಿದ್ದ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಯ ಮಂಚದ ಕೆಳಗೆ ಕೂತು, ತಪ್ಪು ನೋಡುವ ನೆಪದಲ್ಲಿ ಗಟ್ಟಿಯಾಗಿ ಓದತೊಡಗಿದೆ.

“ಮುದುಕಿ ಮೊರ ಹಿಡಿದಳು, ಬೆಳದಿಂಗಳು ಸುರಿದಿತ್ತು ಅಂಗಳಕ್ಕೆ.”

“ಹೂಂ. ಇದು ನಂದ ಕಥಿ.”

“ನಿಂದ. ಸುಮ್ಮನ ಕೇಳು.”

“ಸುಮ್ಮನ ಹೆಂಗ ಕೇಳ್ಲಿ?”

“ಕೇರಿದಳು ಕೇರಿದಳು, ಹೊಟ್ಟೆಲ್ಲ ಹಾರಿ ಮೇಲೆ ಚುಕ್ಕಿಯಾಯಿತು.”

ನಿಂತೆ. ಹೂಂ ಬರಲಿಲ್ಲ. ತಲೆ ಎತ್ತಿ ನೋಡಿದೆ. ಅಜ್ಜಿ ಗೋಡೆಗೆ ಒರಗಿದವಳು ಹಾಗೆಯೇ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಅಡಿಕೆಯ ಒಂದು ಚೂರು ಇನ್ನೂ ಅಂಗೈಯಲ್ಲಿತ್ತು. ಮುಂದಿನ ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಜೇಲಿನ ಗೋಡೆಯ ಆಚೆ ಗಿಳಿಗಳು ಗಲಾಟೆ ಮಾಡುತ್ತಿದ್ದವು.

ಅಜ್ಜಿ ಏಳುವವರೆಗೆ ಮುದುಕಿ ಅಂಗಳದಲ್ಲಿ ಮೊರ ಎತ್ತಿ ಹಿಡಿದುಕೊಂಡೇ ನಿಂತಿದ್ದಳು.